ಬೆಂಗಳೂರಿನ ಸಾಮಾನ್ಯ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಗು: ದಾಖಲಾತಿಯಿಂದ ಎಸ್ಸೆಸ್ಸೆಲ್ಸಿವರೆಗೆ ಪೋಷಕರಿಗೊಂದು ಮಾರ್ಗದರ್ಶಿ

ದಾಖಲಾತಿ ಅರ್ಜಿ ತುಂಬುವ ಕಾಲ ಬಂದಾಗ ಅನೇಕ ಅಪ್ಪ ಅಮ್ಮಂದಿರನ್ನು ಕಾಡುವ ಪ್ರಶ್ನೆ ಒಂದೇ: ಮಗುವಿನ ತೊಂದರೆಯನ್ನು ಶಾಲೆಗೆ ಹೇಳಬೇಕೇ, ಮುಚ್ಚಿಡಬೇಕೇ? ಹೇಳಿದರೆ ಸೀಟು ತಪ್ಪಬಹುದು ಎಂಬ ಭಯ ಸುಳ್ಳಲ್ಲ. ಆದರೂ ಹೇಳಿ ಎಂದೇ ನನ್ನ ಸಲಹೆ. ಮುಚ್ಚಿಟ್ಟು ಪಡೆದ ಸೀಟಿನಲ್ಲಿ ಕೂತ ಮಗುವಿಗೆ ಯಾವ ನೆರವನ್ನೂ ಕೇಳುವ ಬಾಯಿ ಪೋಷಕರಿಗೆ ಉಳಿಯುವುದಿಲ್ಲ. ವಿಶೇಷ ಶಿಕ್ಷಕಿಯಾಗಿ ಈ ನಗರದ ಸರ್ಕಾರಿ ಮತ್ತು ಖಾಸಗಿ ಶಾಲೆಗಳಲ್ಲಿ ಓಡಾಡುವ ನನಗೆ ಮತ್ತೆ ಮತ್ತೆ ಕಾಣುವುದು ಇದು: ಹಾಜರಿ ಪುಸ್ತಕದಲ್ಲಿ ಹೆಸರಿದೆ, ಹಿಂದಿನ ಬೆಂಚಿನಲ್ಲಿ ಮಗುವಿದೆ, ಪಾಠ ಮಾತ್ರ ಅದರ ತಲೆಯ ಮೇಲೆ ಹಾದುಹೋಗುತ್ತಿದೆ. ವಿಶೇಷ ಅಗತ್ಯದ ಮಕ್ಕಳು ಉಳಿದವರ ಜೊತೆ ಒಂದೇ ತರಗತಿಯಲ್ಲಿ ಕಲಿಯುವ ಸಮನ್ವಯ ಶಿಕ್ಷಣ ಎಂಬ ಹೆಸರಿಗೆ ಅರ್ಥ ಬರುವುದು ಸೋಮವಾರದ ಮೊದಲ ಪಿರಿಯಡ್‌ನಲ್ಲಿ ಈ ಮಗುವಿಗಾಗಿ ನಿರ್ದಿಷ್ಟವಾಗಿ ಏನು ಬದಲಾಗುತ್ತದೆ ಎಂದು ಕೇಳಿ, ಅದನ್ನು ಬರೆಸಿಕೊಂಡಾಗ. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಆ ಕಡೆಗೇ.

ಹೆಜ್ಜೆ 1: ಮಗುವಿನ ಬಗ್ಗೆ ಒಂದು ಪುಟ ಬರೆಯಿರಿ

ವೈದ್ಯಕೀಯ ವರದಿಗಳ ದಪ್ಪ ಕಡತವನ್ನು ತರಗತಿ ಶಿಕ್ಷಕರು ಓದುವುದಿಲ್ಲ; ಓದಿದರೂ ಅದರಿಂದ ಪಾಠ ಮಾಡಲು ಬರುವುದಿಲ್ಲ. ಅವರಿಗೆ ಬೇಕಾದದ್ದು ಒಂದೇ ಪುಟ. ಆರು ವರ್ಷದ ಆಟಿಸಂ ಇರುವ ಹುಡುಗನೊಬ್ಬನಿಗೆ ಅದು ಹೀಗಿರಬಹುದು:

"ಇವನು ಚಿತ್ರ ನೋಡಿ ಬೇಗ ಕಲಿಯುತ್ತಾನೆ, ಬಾಯಿಮಾತಿನ ಸೂಚನೆ ಒಮ್ಮೆಗೆ ಒಂದೇ ಇದ್ದರೆ ಪಾಲಿಸುತ್ತಾನೆ. ಗಂಟೆ ಬಾರಿಸಿದಾಗ ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ಓಡುತ್ತಾನೆ. ಎರಡು ನಿಮಿಷ ಮೊದಲೇ ತಿಳಿಸಿದರೆ ಓಡುವುದಿಲ್ಲ. ಶೌಚಕ್ಕೆ ಹೋಗಬೇಕೆಂದು ಹೇಳಲು ಬರುವುದಿಲ್ಲ, ಅಂಗಿಯ ಗುಂಡಿ ಎಳೆಯುತ್ತಾನೆ. ರೈಲಿನ ಚಿತ್ರ ತೋರಿಸಿದರೆ ಸಮಾಧಾನವಾಗುತ್ತಾನೆ."

ಗುಂಡಿ ಎಳೆಯುವ ಆ ಒಂದು ಸಾಲು ಯಾವ ವರದಿಯಲ್ಲೂ ಸಿಗುವುದಿಲ್ಲ, ಮೊದಲ ವಾರದ ಅರ್ಧ ಕಷ್ಟವನ್ನು ತಪ್ಪಿಸುವುದೂ ಅದೇ. ಬರಲಾರದ್ದಕ್ಕಿಂತ ಮೊದಲು ಬರುವುದನ್ನು ಬರೆಯಿರಿ. ಪ್ರತಿ ವರ್ಷ ಹೊಸ ತರಗತಿಗೆ ಹೊಸ ಪುಟ ಬೇಕು.

ಹೆಜ್ಜೆ 2: ತಪಾಸಣೆ, ಪ್ರಮಾಣಪತ್ರ, ಯುಡಿಐಡಿ ಕಾರ್ಡ್

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಥಲಸ್ಸೀಮಿಯಾ, ಹಿಮೋಫಿಲಿಯಾ ಎಲ್ಲವೂ ಅದರಲ್ಲಿವೆ. ಆದ್ದರಿಂದ "ನಮ್ಮ ಮಗುವಿಗೆ ಕೈಕಾಲು ಸರಿ ಇದೆಯಲ್ಲ" ಎಂದು ನೀವೇ ಹಿಂದೆ ಸರಿಯಬೇಡಿ.

ಅಂಗವೈಕಲ್ಯವುಳ್ಳವರ ವಿಶಿಷ್ಟ ಗುರುತಿನ ಕಾರ್ಡ್ ಆದ ಯುಡಿಐಡಿಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ ಆಸ್ಪತ್ರೆಯನ್ನು ಆರಿಸಿಕೊಳ್ಳಬೇಕು. ಭಾವಚಿತ್ರ, ಗುರುತಿನ ಮತ್ತು ವಿಳಾಸದ ದಾಖಲೆಗಳು ಬೇಕು. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ಇಂದೇ ನೋಡಿಕೊಳ್ಳಿ. ಒಂದಕ್ಷರದ ವ್ಯತ್ಯಾಸ ಹತ್ತು ವರ್ಷದ ನಂತರ ಪರೀಕ್ಷಾ ಮಂಡಳಿಯ ಮುಂದೆ ಕಾಡುತ್ತದೆ. ಅಂಗವೈಕಲ್ಯದ ಪ್ರಮಾಣ ಶೇ 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ ಕಾರ್ಡ್ ಬರುತ್ತದೆ. ಉಚಿತ ಶಿಕ್ಷಣ, ಮೀಸಲಾತಿ, ವಿದ್ಯಾರ್ಥಿವೇತನಗಳಿಗೆಲ್ಲ ಶೇ 40 ಎಂಬ ಗೆರೆ ಇದೆ.

ಮಾನಸಿಕ ಬೆಳವಣಿಗೆ ಮತ್ತು ಕಲಿಕೆಯ ತೊಂದರೆಗಳ ತಪಾಸಣೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಕ್ಕಳ ವಿಭಾಗವಿದೆ. ಅಲ್ಲಿ ಕಾಯಬೇಕಾಗುತ್ತದೆ, ದಿನ ಮೀಸಲಿಟ್ಟು ಬೆಳಿಗ್ಗೆಯೇ ಹೋಗಿ. ಡಿಸ್ಲೆಕ್ಸಿಯಾದಂತಹ (ಓದುಬರಹದ ತೊಂದರೆ) ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಾಮಾನ್ಯವಾಗಿ ಎಂಟು ವರ್ಷ ತುಂಬಿದ ಮೇಲೆಯೇ ಸಿಗುತ್ತದೆ. 2018ರ ಕೇಂದ್ರ ಮಾರ್ಗಸೂಚಿಯಂತೆ 14ನೇ ವಯಸ್ಸಿನಲ್ಲೂ 18ನೇ ವಯಸ್ಸಿನಲ್ಲೂ ಮರುತಪಾಸಣೆ ಇದ್ದು, 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ಒಂದನೇ ತರಗತಿಯಲ್ಲೇ ಮಗು ಅಕ್ಷರಗಳ ಜೊತೆ ಒದ್ದಾಡುತ್ತಿದ್ದರೆ ಎಂಟು ವರ್ಷದವರೆಗೆ ಸುಮ್ಮನೆ ಕಾಯಬೇಡಿ. ಪ್ರಮಾಣಪತ್ರ ಕಾಯಬಹುದು, ನೆರವು ಕಾಯುವಂತಿಲ್ಲ.

ಮುಂದಿನ ಸಾಲಿನ ಆಸನ, ಹೆಚ್ಚಿನ ಸಮಯದಂತಹ ತರಗತಿಯ ಹೊಂದಾಣಿಕೆಗಳಿಗೂ ಶೇ 40 ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೂಕ್ತ ಹೊಂದಾಣಿಕೆಯ ಹಕ್ಕು ಅಂಗವೈಕಲ್ಯವುಳ್ಳ ಎಲ್ಲರಿಗೂ ಸೇರಿದ್ದು, ಅದನ್ನು ಶೇಕಡಾವಾರು ಗೆರೆಗೆ ಕಟ್ಟಿಹಾಕುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಹೆಜ್ಜೆ 3: ಕಾನೂನಿನ ನಾಲ್ಕು ಮಾತು ಗೊತ್ತಿರಲಿ

ಕಾಯ್ದೆಯ ಪುಸ್ತಕವನ್ನೇ ಹೊತ್ತುಕೊಂಡು ಹೋಗಬೇಕಾಗಿಲ್ಲ. 2016ರ ಕಾಯ್ದೆಯ 16ನೇ ಕಲಂ ಸರ್ಕಾರಿ ಶಾಲೆಗೆ ಮಾತ್ರ ಸೀಮಿತವಲ್ಲ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳನ್ನೂ ಒಳಗೊಳ್ಳುತ್ತದೆ: ತಾರತಮ್ಯವಿಲ್ಲದ ಪ್ರವೇಶ, ಓಡಾಡಲು ಅನುಕೂಲವಾದ ಕಟ್ಟಡ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ. 17ನೇ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಯ ವಿನಾಯಿತಿ ಇವೆ. 31ನೇ ಕಲಂ ಪ್ರಕಾರ ಶೇ 40 ಅಥವಾ ಹೆಚ್ಚು ಅಂಗವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸುತ್ತದೆ. ಮೊದಲ ಉಲ್ಲಂಘನೆಗೆ 25,000 ರೂಪಾಯಿವರೆಗೆ, ನಂತರದ ಪ್ರತಿಯೊಂದಕ್ಕೂ 50,000 ರೂಪಾಯಿವರೆಗೆ ದಂಡವಿದೆ. "ಒಂದು ವಾರ ಕೂರಿಸಿ ನೋಡುತ್ತೇವೆ, ಆಮೇಲೆ ಹೇಳುತ್ತೇವೆ" ಎನ್ನುವುದೂ ಒಂದು ಬಗೆಯ ಆಯ್ಕೆ ಪರೀಕ್ಷೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಅಂತಹ ಶಾಲೆಯಲ್ಲಿ 2016ರ ಕಾಯ್ದೆಯನ್ನೇ ಮುಂದಿಡಿ.

ಶಿಕ್ಷಣ ಹಕ್ಕು ಕಾಯ್ದೆಯಡಿ ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳ ಮಕ್ಕಳಿಗೆ ಮೀಸಲಾದ ಖಾಸಗಿ ಶಾಲೆಯ ಶೇ 25 ಸೀಟಿನ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. 2019ರಿಂದ ಕರ್ನಾಟಕದ ನಿಯಮದಂತೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅಲ್ಲಿನ ಖಾಸಗಿ ಶಾಲೆಗೆ ಆ ಕೋಟಾ ಇಲ್ಲ. ಬೆಂಗಳೂರಿನಂತಹ ಊರಿನಲ್ಲಿ ಇದರಿಂದ ಸೀಟುಗಳು ತೀರಾ ಕಡಿಮೆಯಾಗಿವೆ.

ಹೆಜ್ಜೆ 4: ಶಾಲೆ ನೋಡಲು ಹೋಗಿ, ಶೌಚಾಲಯದವರೆಗೂ ಹೋಗಿ

ಮೊದಲ ಮಾನದಂಡ ದೂರ. ಹೊರವರ್ತುಲ ರಸ್ತೆಯ ವಾಹನದಟ್ಟಣೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರುವ ಮಗು ಎಷ್ಟೇ ಒಳ್ಳೆಯ ಶಾಲೆಗೆ ಹೋದರೂ ದಣಿದೇ ಕಲಿಯುತ್ತದೆ. ಸಂಜೆ ಫಿಸಿಯೋಥೆರಪಿಯೋ ವಾಕ್ ಚಿಕಿತ್ಸೆಯೋ ಇದ್ದರೆ ಕೇಳುವುದೇ ಬೇಡ. ನಡೆದು ಹೋಗುವಷ್ಟು ಹತ್ತಿರದ ಸಾಧಾರಣ ಶಾಲೆ, ದೂರದ ಹೆಸರುವಾಸಿ ಶಾಲೆಗಿಂತ ಎಷ್ಟೋ ವಾಸಿ. ಜೊತೆಗೆ ಸಹಪಾಠಿಗಳು ಅದೇ ಬೀದಿಯವರಾಗಿರುತ್ತಾರೆ, ಭಾನುವಾರವೂ ಆಟಕ್ಕೆ ಸಿಗುತ್ತಾರೆ.

ಸರ್ಕಾರಿ ಶಾಲೆಯನ್ನು ನೋಡದೆಯೇ ತಳ್ಳಿಹಾಕಬೇಡಿ. ಸಮಗ್ರ ಶಿಕ್ಷಣ ಯೋಜನೆಯಡಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರ ಹೆಗಲ ಮೇಲೆ ಹತ್ತಾರು ಶಾಲೆಗಳ ಭಾರವಿದೆ, ಪ್ರತಿದಿನ ಬರಲಾರರು. ಆದರೆ ತಪಾಸಣಾ ಶಿಬಿರ, ಶ್ರವಣ ಸಾಧನ, ಗಾಲಿಕುರ್ಚಿ, ಬ್ರೈಲ್ ಪುಸ್ತಕ, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಎಲ್ಲದಕ್ಕೂ ದಾರಿ ಅವರೇ. ನಿಮ್ಮ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಕೇಳಿ ಅವರ ಪರಿಚಯ ಮಾಡಿಕೊಳ್ಳಿ.

ಶಾಲೆಯೊಳಗೆ ಕಣ್ಣಿಟ್ಟು ನೋಡಬೇಕಾದವು ಕೆಲವಿವೆ. ಇಳಿಜಾರು ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬುದು ಮಾನದಂಡ, ಅದಕ್ಕಿಂತ ಕಡಿದಾಗಿದ್ದರೆ ಗಾಲಿಕುರ್ಚಿಯ ಮಗು ಒಬ್ಬನೇ ಹತ್ತಲಾರ. ಬಾಗಿಲು 90 ಸೆಂಟಿಮೀಟರ್ ಅಗಲವಿರಲಿ. ಶೌಚಾಲಯದ ಒಳಗೆ ಹಿಡಿಕೆ ಇದೆಯೇ, ಗಾಲಿಕುರ್ಚಿ ತಿರುಗುತ್ತದೆಯೇ, ಬಾಗಿಲಿಗೆ ಬೀಗ ಜಡಿದಿಲ್ಲವೇ ನೋಡಿ. ಈ ನಗರದ ಎಷ್ಟೋ ಶಾಲೆಗಳು ಚಿಕ್ಕ ನಿವೇಶನದಲ್ಲಿ ಮೇಲಕ್ಕೆ ಬೆಳೆದಿವೆ, ಕಂಪ್ಯೂಟರ್ ಕೊಠಡಿಯೂ ಗ್ರಂಥಾಲಯವೂ ಮೂರನೇ ಮಹಡಿಯಲ್ಲಿರುತ್ತವೆ. ಲಿಫ್ಟ್ ಹಾಕಿಸಿ ಎಂದರೆ ಮಾತು ಅಲ್ಲೇ ಮುಗಿಯುತ್ತದೆ. "ನನ್ನ ಮಗನ ತರಗತಿಯ ಎಲ್ಲ ಪಿರಿಯಡ್‌ಗಳನ್ನೂ ನೆಲಮಹಡಿಗೆ ತನ್ನಿ" ಎಂದು ಕೇಳಿ. ಅದಕ್ಕೆ ಹಣ ಬೇಕಿಲ್ಲ, ವೇಳಾಪಟ್ಟಿ ಬದಲಾದರೆ ಸಾಕು.

ಕೊನೆಗೆ ಒಂದು ಪ್ರಶ್ನೆ: "ಈಗ ಇಲ್ಲಿ ಓದುತ್ತಿರುವ ವಿಶೇಷ ಅಗತ್ಯದ ಮಕ್ಕಳು ಕಳೆದ ಶಾಲಾ ಪ್ರವಾಸಕ್ಕೆ ಹೋಗಿದ್ದರೇ?" ಇದರ ಉತ್ತರ ಶಾಲೆಯ ಕರಪತ್ರಕ್ಕಿಂತ ಹೆಚ್ಚು ಹೇಳುತ್ತದೆ.

ವಿಶೇಷ ಶಾಲೆಯೇ ಬೇಡವೇ ಎಂದು ಕೇಳುವವರಿಗೆ: ಬೇಡ ಎನ್ನುವುದಿಲ್ಲ. ಬ್ರೈಲ್ ಕಲಿಯಲು, ಸಂಜ್ಞಾ ಭಾಷೆ ಗಟ್ಟಿಯಾಗಲು ಕೆಲವು ಮಕ್ಕಳಿಗೆ ಮೊದಲ ವರ್ಷಗಳು ವಿಶೇಷ ಶಾಲೆಯಲ್ಲೇ ಕಳೆಯುವುದು ಒಳ್ಳೆಯದು. ಕಿವುಡ ಮಗುವೊಂದು ಸಂಜ್ಞಾ ಭಾಷೆ ಬಲ್ಲ ಒಬ್ಬರೂ ಇಲ್ಲದ ತರಗತಿಯಲ್ಲಿ ಒಂಟಿಯಾಗಿ ಕೂರುವುದನ್ನು ಸಮನ್ವಯ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. 1959ರಿಂದ ಕೆಲಸ ಮಾಡುತ್ತಿರುವ ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಎಚ್‌ಎಸ್‌ಆರ್ ಬಡಾವಣೆಯ ಮಿತ್ರಜ್ಯೋತಿ ಮತ್ತು ಸಮರ್ಥನಂ ಸಂಸ್ಥೆಗಳು ಈ ನಿರ್ಧಾರಕ್ಕೆ ಮೊದಲು ಮಾತಾಡಿಸಬೇಕಾದವು.

ಹೆಜ್ಜೆ 5: ಇಲ್ಲ ಎಂದರೆ ಬರಹದಲ್ಲಿ ಕೇಳಿ

ನಿರಾಕರಣೆ ಬರುವುದು ಸಾಮಾನ್ಯವಾಗಿ ನಯವಾದ ಮಾತಿನಲ್ಲಿ: "ನಮ್ಮಲ್ಲಿ ಸೌಲಭ್ಯವಿಲ್ಲ, ಮಗುವಿಗೇ ತೊಂದರೆ." ಆಗ ವಾದಕ್ಕಿಳಿಯದೆ ಮನೆಗೆ ಬಂದು ಅದೇ ದಿನ ಇಷ್ಟು ಬರೆದು ಕೊಡಿ:

"ಇಂತಹ ದಿನಾಂಕದಂದು ನನ್ನ ಮಗಳಿಗೆ ಒಂದನೇ ತರಗತಿಗೆ ಪ್ರವೇಶ ಕೋರಿ ತಮ್ಮನ್ನು ಭೇಟಿಯಾಗಿದ್ದೆ. ಸೌಲಭ್ಯವಿಲ್ಲವೆಂಬ ಕಾರಣಕ್ಕೆ ಪ್ರವೇಶ ಸಾಧ್ಯವಿಲ್ಲವೆಂದು ತಿಳಿಸಿದಿರಿ. ಆಕೆಗೆ ಬೇಕಾಗಿರುವುದು ಮುಂದಿನ ಸಾಲಿನ ಆಸನ, ದಪ್ಪಕ್ಷರದ ಹಾಳೆ ಮತ್ತು ನಕಲು ಮಾಡಿಕೊಳ್ಳಲು ಹೆಚ್ಚಿನ ಸಮಯ. ಇವುಗಳಲ್ಲಿ ಯಾವುದು ಸಾಧ್ಯವಿಲ್ಲ ಎಂಬುದನ್ನು ಕಾರಣಸಹಿತ ಏಳು ದಿನದೊಳಗೆ ಲಿಖಿತವಾಗಿ ತಿಳಿಸಬೇಕೆಂದು 2016ರ ಕಾಯ್ದೆಯ 16ನೇ ಕಲಂ ಉಲ್ಲೇಖಿಸಿ ಕೋರುತ್ತೇನೆ."

ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿ. ಹಾಕದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಹೀಗೆ ಬರಹದಲ್ಲಿ ಕೇಳಿದಾಗ ಎಷ್ಟೋ ಕಡೆ ಸೀಟು ಸಿಕ್ಕಿಬಿಡುತ್ತದೆ, ಏಕೆಂದರೆ ಮುಂದಿನ ಸಾಲಿನ ಆಸನ ಕೊಡಲಾಗುವುದಿಲ್ಲ ಎಂದು ಸಹಿ ಹಾಕಲು ಯಾವ ಮುಖ್ಯಶಿಕ್ಷಕರಿಗೂ ಮನಸ್ಸಾಗುವುದಿಲ್ಲ. ಸಿಗದಿದ್ದರೆ ಆ ಪತ್ರದೊಂದಿಗೆ ಬಿಇಒ, ಬಳಿಕ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು (ಡಿಡಿಪಿಐ), ಅಲ್ಲೂ ಆಗದಿದ್ದರೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ರಾಜ್ಯ ಆಯುಕ್ತರು ಅಥವಾ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಆಯುಕ್ತರಿಗೆ ಶಾಲೆಯವರನ್ನು ಕರೆಸಿ ದಾಖಲೆ ಕೇಳುವ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಶಿಕ್ಷಣ ಹಕ್ಕು ಕಾಯ್ದೆಯಡಿಯ ಲಿಖಿತ ದೂರನ್ನು ಮೂರು ತಿಂಗಳಲ್ಲಿ ಇತ್ಯರ್ಥಪಡಿಸಬೇಕು.

ಹೆಜ್ಜೆ 6: ವೈಯಕ್ತಿಕ ಶಿಕ್ಷಣ ಯೋಜನೆ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ನಿಮ್ಮ ಮಗುವಿಗೆಂದೇ ಕಲಿಕೆಯ ಗುರಿಗಳನ್ನು ಬರೆದಿಡುವ ಈ ಯೋಜನೆಗೆ. ಶಾಲೆ ಶುರುವಾದ ಮೊದಲ ತಿಂಗಳಲ್ಲೇ ತರಗತಿ ಶಿಕ್ಷಕರು, ವಿಶೇಷ ಶಿಕ್ಷಕರು, ಪೋಷಕರು ಒಟ್ಟಿಗೆ ಕೂರಬೇಕು. ಮಗು ಮಾತಾಡಬಲ್ಲದಾದರೆ ಅದನ್ನೂ ಕೂರಿಸಿಕೊಳ್ಳಿ. "ಗಣಿತದಲ್ಲಿ ಸುಧಾರಿಸಬೇಕು" ಎಂಬುದು ಗುರಿಯಲ್ಲ. "ದಸರಾ ರಜೆಯೊಳಗೆ, ಮಣಿಗಳ ಸಹಾಯದಿಂದ, ಎರಡಂಕಿಯ ಐದು ಕೂಡುವ ಲೆಕ್ಕಗಳಲ್ಲಿ ನಾಲ್ಕನ್ನು ತಾನೇ ಮಾಡುತ್ತಾಳೆ" ಎಂಬುದು ಗುರಿ. ಪ್ರತಿ ಗುರಿಯ ಎದುರು ಯಾರು ಕಲಿಸುತ್ತಾರೆ, ಯಾವ ಪಿರಿಯಡ್‌ನಲ್ಲಿ, ಯಾವಾಗ ನೋಡುತ್ತೇವೆ ಎಂಬುದನ್ನು ಬರೆಯಿರಿ. ಮೂರು ನಾಲ್ಕು ಗುರಿಗಳಿಗಿಂತ ಹೆಚ್ಚು ಬೇಡ. ದಸರಾಕ್ಕೆ ಮೊದಲೊಮ್ಮೆ, ಜನವರಿಯಲ್ಲೊಮ್ಮೆ ಕೂತು ಪರಿಶೀಲಿಸಿ.

ಖಾಸಗಿ ಶಾಲೆಗಳಲ್ಲಿ ಇಲ್ಲಿಗೇ ಬರುವ ಮಾತು ಶ್ಯಾಡೋ ಟೀಚರ್, ಅಂದರೆ ತರಗತಿಯಲ್ಲಿ ಒಂದೇ ಮಗುವಿನ ಜೊತೆಗಿದ್ದು ನೆರವಾಗುವವರು. ನಿಮ್ಮ ಖರ್ಚಿನಲ್ಲಿ ಒಬ್ಬರನ್ನು ಇಟ್ಟುಕೊಂಡರೆ ಮಾತ್ರ ಪ್ರವೇಶ ಎನ್ನುತ್ತಾರೆ. ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುವ ಕುಟುಂಬಗಳಿವೆ, ಅದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಂದಾಣಿಕೆ ಮಾಡಿಕೊಡುವ ಹೊಣೆ ಕಾಯ್ದೆಯ ಪ್ರಕಾರ ಶಾಲೆಯದು. ವಿಶೇಷ ಅಗತ್ಯದ ಪ್ರತಿ ಹತ್ತು ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ, ಪ್ರತಿ ಹದಿನೈದು ಮಕ್ಕಳಿಗೆ ಮೇಲಿನ ಹಂತದಲ್ಲಿ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಹೇಳಿದೆ. ಹಣದ ಮಾತು ಪಕ್ಕಕ್ಕಿಟ್ಟರೂ ಇನ್ನೊಂದು ಅಪಾಯವಿದೆ. ದಿನವಿಡೀ ಪಕ್ಕದಲ್ಲೇ ಕೂರುವ ಶ್ಯಾಡೋ ಟೀಚರ್ ಮಗುವಿಗೂ ತರಗತಿಗೂ ನಡುವೆ ಗೋಡೆಯಾಗಿಬಿಡುತ್ತಾರೆ. ಶಿಕ್ಷಕರು ಮಗುವನ್ನು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ, ಪಕ್ಕದ ಹುಡುಗಿ ಪೆನ್ಸಿಲ್ ಕೇಳಲೂ ಹಿಂಜರಿಯುತ್ತಾಳೆ. ಅನಿವಾರ್ಯವಾಗಿ ಇಟ್ಟುಕೊಂಡರೂ ಯಾವ ಪಿರಿಯಡ್‌ಗಳಲ್ಲಿ ಅವರು ಹಿಂದೆ ಸರಿಯಬೇಕು, ಯಾವ ತಿಂಗಳಿಗೆ ಎಷ್ಟು ಕಡಿಮೆಯಾಗಬೇಕು ಎಂಬುದು ಯೋಜನೆಯಲ್ಲೇ ಇರಲಿ. ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ.

ಹೆಜ್ಜೆ 7: ಪಾಠ ಮತ್ತು ಪ್ರಶ್ನೆಪತ್ರಿಕೆಯಲ್ಲಿ ಏನು ಬದಲಾಗಬೇಕು

ಕನ್ನಡದಲ್ಲಿ ಓದುಬರಹದ ತೊಂದರೆ ತನ್ನದೇ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮಗು ಒತ್ತಕ್ಷರ ನುಂಗುತ್ತದೆ: "ಹಣ್ಣು" "ಹಣು" ಆಗುತ್ತದೆ, "ಕತ್ತೆ" "ಕತೆ" ಆಗುತ್ತದೆ. ದೀರ್ಘ ಬಿಟ್ಟುಹೋಗಿ "ಕಾಡು" "ಕಡು" ಎಂದಾಗುತ್ತದೆ. ನೋಟ್‌ಬುಕ್ಕಿನ ತುಂಬ ಕೆಂಪು ಗೆರೆ ಎಳೆದು ಹತ್ತು ಸಲ ಬರೆಸಿದರೆ ಅದೇ ತಪ್ಪು ಹತ್ತು ಸಲ ಬರುತ್ತದೆ. ಒತ್ತನ್ನು ಬೇರೆ ಬಣ್ಣದಲ್ಲಿ ದೊಡ್ಡದಾಗಿ ಬರೆದು, ಮರಳಿನ ಮೇಲೆ ಬೆರಳಾಡಿಸಿ, ಗಟ್ಟಿಯಾಗಿ ಉಚ್ಚರಿಸುತ್ತ ಒಮ್ಮೆಗೆ ಒಂದೇ ಒತ್ತನ್ನು ಕಲಿಸಬೇಕು. ವಿಜ್ಞಾನ, ಸಮಾಜದ ಉತ್ತರಗಳಲ್ಲಿ ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ ಎಂದು ಯೋಜನೆಯಲ್ಲಿ ಬರೆಸಿಕೊಳ್ಳಿ.

ಐದನೇ ತರಗತಿಯ ಒಂದು ಪ್ರಶ್ನೆಯನ್ನು ತೆಗೆದುಕೊಳ್ಳಿ: "ಮಳೆನೀರು ಸಂಗ್ರಹದ ಉಪಯೋಗಗಳನ್ನು ನಾಲ್ಕು ವಾಕ್ಯಗಳಲ್ಲಿ ವಿವರಿಸಿ." ಡಿಸ್ಲೆಕ್ಸಿಯಾ ಇರುವ ಮಗು ಬಾಯಲ್ಲಿ ಹೇಳಲಿ, ಶಿಕ್ಷಕರು ಬರೆದುಕೊಳ್ಳಲಿ. ಕಿವುಡ ಮಗುವಿಗೆ ಪ್ರಶ್ನೆಯನ್ನೇ ಚಿಕ್ಕದಾಗಿಸಿ: "ಮಳೆನೀರು ಕೂಡಿಡುತ್ತೇವೆ. ಏಕೆ? ನಾಲ್ಕು ಕಾರಣ ಬರೆ." ಬೌದ್ಧಿಕ ಅಂಗವೈಕಲ್ಯವುಳ್ಳ ಮಗುವಿನ ಮುಂದೆ ತಾರಸಿ, ಕೊಳವೆ, ತೊಟ್ಟಿಯ ಚಿತ್ರಗಳನ್ನಿಟ್ಟು ನೀರು ಹರಿಯುವ ಕ್ರಮದಲ್ಲಿ ಜೋಡಿಸಲು ಹೇಳಿ. ಮೂವರೂ ಕಲಿತದ್ದು ಅದೇ ಪಾಠ.

ದೃಷ್ಟಿದೋಷವುಳ್ಳ ಮಕ್ಕಳಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದಿ ಹೇಳುತ್ತದೆ. ಆದರೆ ಅದು ಓದುವುದು ಯೂನಿಕೋಡ್ ಪಠ್ಯವನ್ನು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕೊಟ್ಟರೆ ಅರ್ಥವಿಲ್ಲದ ಸದ್ದು ಬರುತ್ತದೆ. ಶಿಕ್ಷಕರ ಟಿಪ್ಪಣಿ, ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡ್‌ನಲ್ಲೇ ಕೊಡಬೇಕೆಂದು ಶಾಲೆಯನ್ನು ಕೇಳಿ. ಸಂಜ್ಞಾ ಭಾಷೆಯ ಪಾಠಗಳಿಗೆ ಕೇಂದ್ರ ಸರ್ಕಾರದ ಶೈಕ್ಷಣಿಕ ಟಿವಿ ವಾಹಿನಿಗಳಾದ ಪಿಎಂ ಇ-ವಿದ್ಯಾದಲ್ಲಿ 31ನೇ ವಾಹಿನಿ ಇದೆ.

ಸಹಪಾಠಿಗಳಿಗೆ ಮೊದಲ ವಾರವೇ ಸರಳವಾಗಿ, ಮಗುವಿನ ಒಪ್ಪಿಗೆ ಪಡೆದು, ವಿಷಯ ತಿಳಿಸಿ. "ಪಾಪ, ಸಹಾಯ ಮಾಡಿ" ಎಂಬ ಮಾತು ಬೇಡ. ಅವಳನ್ನು ಆಟಕ್ಕೆ ಸೇರಿಸಿಕೊಳ್ಳಲು ನಿಯಮ ಹೇಗೆ ಬದಲಿಸೋಣ ಎಂದು ಮಕ್ಕಳನ್ನೇ ಕೇಳಿದರೆ ದೊಡ್ಡವರಿಗೆ ಹೊಳೆಯದ ಉಪಾಯಗಳು ಬರುತ್ತವೆ.

ಹೆಜ್ಜೆ 8: ಹಣಕಾಸಿನ ನೆರವು

ಸಮಗ್ರ ಶಿಕ್ಷಣದಡಿ ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಭತ್ಯೆ ಇದೆ; ಸಾರಿಗೆ ಮತ್ತು ಬೆಂಗಾವಲು ಭತ್ಯೆಯ ಬಗ್ಗೆ ಬಿಐಇಆರ್‌ಟಿಯವರನ್ನು ಕೇಳಿ. ಒಂಬತ್ತನೇ ತರಗತಿಯಿಂದ ಕೇಂದ್ರದ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹು ಅಂಗವೈಕಲ್ಯಗಳಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ರಿಯಾಯಿತಿ ಬಸ್ ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಿ.

ಹೆಜ್ಜೆ 9: ಎಸ್ಸೆಸ್ಸೆಲ್ಸಿ ತಯಾರಿ ಎಂಟನೇ ತರಗತಿಯಲ್ಲೇ

ಬರೆಯುವ ಸಹಾಯಕರು, ಹೆಚ್ಚುವರಿ ಸಮಯ, ಭಾಷಾ ವಿನಾಯಿತಿ ಇವೆಲ್ಲ ಸಿಗುವುದು ಶಾಲೆ ಸಕಾಲದಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ದಾಖಲೆಗಳನ್ನು ಕಳುಹಿಸಿದಾಗ ಮಾತ್ರ. ಹತ್ತನೇ ತರಗತಿಯ ಜನವರಿಯಲ್ಲಿ ನೆನಪಾದರೆ ಉಸಿರುಗಟ್ಟುತ್ತದೆ. ಎಂಟನೇ ತರಗತಿಯಿಂದಲೇ ಶಾಲೆಯ ಪರೀಕ್ಷೆಗಳಲ್ಲಿ ಇವೇ ಸೌಲಭ್ಯ ಕೊಡಿಸಿ, ಕೊಟ್ಟದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಅಂಗವಿಕಲರ ಲಿಖಿತ ಪರೀಕ್ಷೆಗಳ ಕೇಂದ್ರ ಮಾರ್ಗಸೂಚಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎನ್ನುತ್ತದೆ. ಉತ್ತರ ಹೇಳಿ ಬರೆಸುವುದೂ ಅಭ್ಯಾಸದಿಂದ ಬರುವ ವಿದ್ಯೆ: ಎಷ್ಟು ನಿಧಾನವಾಗಿ ಹೇಳಬೇಕು, ಲೆಕ್ಕದ ಹಂತಗಳನ್ನು ಹೇಗೆ ಹೇಳಬೇಕು, ಬರೆದದ್ದನ್ನು ಯಾವಾಗ ಓದಿಸಿಕೊಳ್ಳಬೇಕು. ಕೆಳಗಿನ ತರಗತಿಯ ವಿದ್ಯಾರ್ಥಿಯೊಬ್ಬರ ಜೊತೆ ಇದನ್ನು ಅಭ್ಯಾಸ ಮಾಡಿಸಿ.

ಭಾಷಾ ವಿನಾಯಿತಿಯನ್ನು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ತೆಗೆದುಕೊಳ್ಳಬೇಡಿ. ಮುಂದೆ ಮಗು ಓದಲು ಬಯಸುವ ವಿಷಯಕ್ಕೆ ಆ ಭಾಷೆ ಬೇಕೇ ಎಂದು ಮೊದಲು ಯೋಚಿಸಿ. ಸಾಮಾನ್ಯ ಪಠ್ಯಕ್ರಮ ಭಾರವೆನಿಸಿದರೆ ಎನ್‌ಐಒಎಸ್ ಮುಕ್ತ ಶಾಲೆಯಿದೆ, ವಿಷಯಗಳನ್ನು ಒಂದೊಂದಾಗಿ ಪಾಸು ಮಾಡಿಕೊಳ್ಳಬಹುದು. ಶಾಲೆಯೇ ತನ್ನ ಫಲಿತಾಂಶ ಕಾಯ್ದುಕೊಳ್ಳಲು ಒಂಬತ್ತನೇ ತರಗತಿಯಲ್ಲಿ ಆ ಕಡೆ ತಳ್ಳುತ್ತಿದ್ದರೆ ಒಪ್ಪಬೇಡಿ. ಆ ನಿರ್ಧಾರ ನಿಮ್ಮದು ಮತ್ತು ಮಗುವಿನದು.

ಕಾಲೇಜಿನ ಹಂತದಲ್ಲಿ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 40 ಮತ್ತು ಮೇಲ್ಪಟ್ಟ ಅಂಗವೈಕಲ್ಯವುಳ್ಳವರಿಗೆ ಕನಿಷ್ಠ ಶೇ 5 ಸೀಟುಗಳ ಮೀಸಲಾತಿಯೂ ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆಯೂ ಇವೆ. ಅರ್ಜಿ ಹಾಕುವ ವರ್ಷದಲ್ಲಿ ಯುಡಿಐಡಿ ಕಾರ್ಡಿನ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿ. ತಾತ್ಕಾಲಿಕ ಪ್ರಮಾಣಪತ್ರವಾಗಿದ್ದರೆ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜೆಯಲ್ಲೇ ನವೀಕರಣಕ್ಕೆ ಹಾಕಿಬಿಡಿ.